ಅರ್ಧ ನೂಲು

ಇಸ್ತ್ರಿ ಪೆಟ್ಟಿಗೆಯನ್ನು ಕೈಚೀಲದಲ್ಲಿಟ್ಟುಕೊಂಡು ಬೆಳಗ್ಗೆ ಬೆಳಗ್ಗೆ ಶಿವಾಜಿನಗರದ ಗಲ್ಲಿಯಲ್ಲಿ ಹೋಗುವ ಹೆಂಗಸನ್ನು ಯಾರೂ ಕಳ್ಳಿ ಅಂದುಕೊಳ್ಳುವುದಿಲ್ಲ. ಅಷ್ಟು ಬುದ್ಧಿ ಮೆಹ್ವಿಶ್‌ಗೂ ಇತ್ತು. ಆದರೂ ಬಸ್ಸಿಳಿದಲ್ಲಿಂದ ಚೀಲದ ಮೇಲೆ ದುಪಟ್ಟಾ ಎಳೆದುಕೊಂಡೇ ನಡೆದಳು. ಹೇಗೆ ಸುತ್ತಿಟ್ಟರೂ ಪೆಟ್ಟಿಗೆಯ ವೈರು ಹೊರಗೆ ಇಣುಕುತ್ತಿತ್ತು. ರಸೆಲ್ ಮಾರುಕಟ್ಟೆಯ ಹಿಂದೆ ಹೂವಿನ ಮೂಟೆ ಇಳಿಸುತ್ತಿದ್ದವರು ದಾರಿ ಬಿಡಲಿಲ್ಲ. ಅವರನ್ನು ಬಳಸಿಕೊಂಡು ಬಂದರೆ ಮೂಲೆಯ ಟೀ ಅಂಗಡಿಯ ವೆಂಕಟಸ್ವಾಮಿಯ ಕಣ್ಣಿಗೆ ಬಿದ್ದೇಬಿಟ್ಟಳು. “ಏನಮ್ಮಾ, ಗಿಟಾರ್ ಬಿಟ್ಟು ಇಸ್ತ್ರಿ ಅಂಗಡಿ ಇಡ್ತೀರಾ?” ಅಂದ. ಅವಳು ನಕ್ಕಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಕ್ಕಳು. ಮಧ್ಯಾಹ್ನ ಚಾಚಾ ಇಲ್ಲಿ ಟೀಗೆ ನಿಂತಾಗ ಇವನು ಇದನ್ನೇ ತಮಾಷೆ ಮಾಡಿ ಹೇಳಿದರೆ? ಹೇಳದೆ ಇರುತ್ತಾನೆಯೇ, ಅವನ ಬಾಯಿಗೆ ಬೀಗ ಎಲ್ಲಿದೆ? “ಪಕ್ಕದ ಮನೆಯವರದ್ದು, ರಿಪೇರಿಗೆ,” ಎಂದು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಳು. ಮೆಟ್ಟಿಲು ಹತ್ತುವಾಗ ತನ್ನ ಮೇಲೆಯೇ ಸಿಟ್ಟು ಬಂತು.

ಮಹಡಿಯ ಮೇಲಿನ ಆ ಒಂದು ಕೋಣೆಯೇ ಅಕ್ತರ್ ಚಾಚಾನ ಗಿಟಾರ್ ಅಂಗಡಿ, ಅವಳು ಕೆಲಸ ಮಾಡುವ ಜಾಗ. ಕಿಟಕಿ ತೆಗೆದಳು. ಬೆಂಚಿನ ಮೇಲೆ, ನಿನ್ನೆ ಸಂಜೆ ಬಿಟ್ಟುಹೋದ ಹಾಗೇ, ಗಿಟಾರಿನ ಕತ್ತು, ಅಂದರೆ ನೆಕ್, ಕ್ಲ್ಯಾಂಪುಗಳ ನಡುವೆ ಬಿಗಿದುಕೊಂಡು ಬಿದ್ದಿತ್ತು. ಕೆಳಗೆ ಮಹಾಗನಿ, ಅದರ ಮೇಲೆ ಬೆರಳು ಓಡಾಡುವ ಬೀಟೆ ಮರದ ಪಟ್ಟಿ, ಎರಡರ ನಡುವೆ ಸರೇಸು. ಸರೇಸೆಂದರೆ ತೊಗಲು, ಮೂಳೆ ಕುದಿಸಿ ಮಾಡುವ ಹಳೇ ಕಾಲದ ಅಂಟು. ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿ, ಆರುವ ಮೊದಲೇ ಬಳಿದು ಮುಗಿಸಬೇಕು; ಮಾರನೆಯ ದಿನಕ್ಕೆ ಕಲ್ಲು. ಅವಳು ಬಗ್ಗಿ ನೋಡಿದಳು. ರಾತ್ರಿಯೆಲ್ಲ ಹೊರಳಾಡುತ್ತಾ, ಇಲ್ಲ, ನನಗೇ ಹಾಗೆ ಕಂಡಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದಳು. ಕಂಡದ್ದು ನಿಜವೇ ಆಗಿತ್ತು. ಪಟ್ಟಿ ಮೇಲಿನ ತುದಿಯಲ್ಲಿ ಸರಿಯಾಗಿತ್ತು, ಕೆಳಗಿಳಿಯುತ್ತಾ ಬಲಕ್ಕೆ ಜಾರಿ, ಬುಡದಲ್ಲಿ ಅರ್ಧ ನೂಲಿನಷ್ಟು ಹೊರಗೆ ಚಾಚಿತ್ತು. ನೂಲೆಂದರೆ ಅಂಗುಲದ ಎಂಟನೇ ಒಂದು ಪಾಲು, ಅದರಲ್ಲಿ ಅರ್ಧವೆಂದರೆ ಒಂದು ಅಕ್ಕಿಕಾಳಿನ ದಪ್ಪ. ಮೇಜಿಗೆ, ಬಾಗಿಲಿಗೆ ಅದು ಲೆಕ್ಕಕ್ಕೇ ಇಲ್ಲ. ಗಿಟಾರಿನಲ್ಲಿ ಅಷ್ಟು ಸಾಕು, ಕೊನೆಯ ತಂತಿ ಪಟ್ಟಿಯ ಅಂಚಿನಿಂದ ಆಚೆ ಜಾರಿ ಬೀಳುತ್ತದೆ.

ಜಾರಿದ್ದನ್ನು ಅವಳು ನೋಡಿದ್ದಳು. ಅದೇ ಅವಳನ್ನು ತಿನ್ನುತ್ತಿದ್ದುದು. ಚಾಚಾ ಮೊದಲನೇ ಕ್ಲ್ಯಾಂಪು ಬಿಗಿದು ಎರಡನೆಯದನ್ನು ತಿರುಗಿಸುತ್ತಿದ್ದರು, ಪಟ್ಟಿ ಅಂಟಿನ ಮೇಲೆ ಮೆಲ್ಲಗೆ ಸರಿಯಿತು, ಅವಳು ಎದುರಿಗೇ ದೀಪ ಹಿಡಿದು ನಿಂತಿದ್ದಳು. ಒಂದು ಮಾತು, ‘ಚಾಚಾ, ಜಾರ್ತಿದೆ’ ಅಂತ ಅಂದಿದ್ದರೆ ಸಾಕಿತ್ತು. ಹೆಬ್ಬೆರಳಲ್ಲಿ ಒತ್ತಿದ್ದರೆ ಸರಿಹೋಗುತ್ತಿತ್ತು. ಮಾತು ನಾಲಗೆಯ ತುದಿಗೆ ಬಂತು, ಅಲ್ಲೇ ಕೂತಿತು. ಚಾಚಾ ಮೂರನೆಯದು, ನಾಲ್ಕನೆಯದು ಬಿಗಿದರು, ಹೊರಗೆ ಉಕ್ಕಿದ ಸರೇಸನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ತಮ್ಮ ಕೆಲಸವನ್ನು ಬೆರಳಿಂದ ಮುಟ್ಟಿ ನೋಡುವುದು ಅವರ ಪದ್ಧತಿ, ಆದರೆ ಬೆರಳ ತುಂಬ ಅಂಟು ಮೆತ್ತಿತ್ತು. “ನಾಳೆ ನಮಾಜ್ ಮುಗಿಸ್ಕೊಂಡು ಬಂದು ನಾನೇ ಬಿಚ್ತೀನಿ, ಅಲ್ಲೀತನಕ ಯಾರೂ ಮುಟ್ಬಾರ್ದು,” ಅಂದರು. ಯಾರೂ ಎಂದರೆ ಅವಳೇ, ಮತ್ಯಾರಿದ್ದಾರೆ ಅಲ್ಲಿ.

ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಸಿಕ್ಕಿಸಿ, ಕ್ಲ್ಯಾಂಪುಗಳನ್ನು ಒಂದೊಂದಾಗಿ ಬಿಚ್ಚಿದಳು. ಮುಟ್ಟಬಾರದೆಂದಿದ್ದನ್ನು ಮುಟ್ಟಿಯಾಯಿತು. ಪಟ್ಟಿಯ ಮೇಲೆ ಒದ್ದೆ ಬಟ್ಟೆ ಹಾಸಿ ಪೆಟ್ಟಿಗೆ ಇಟ್ಟಳು. ಚುಸ್ ಎಂದು ಆವಿ ಎದ್ದಿತು, ಹಳೇ ತೊಗಲಿನ ವಾಸನೆ ಬಂತು. ಸರೇಸಿನ ಒಳ್ಳೇತನ ಇದೊಂದೇ, ಬಿಸಿ ತಾಗಿದರೆ ಬಿಟ್ಟುಕೊಡುತ್ತದೆ. ಬಿಸಿ ಕಡಿಮೆಯಾದರೆ ಬಿಡುವುದಿಲ್ಲ, ಹೆಚ್ಚಾದರೆ ಬೀಟೆ ಸೀಳುತ್ತದೆ, ಇಲ್ಲವೆ ಬಾಗುತ್ತದೆ. ಹೋದ ಭಾನುವಾರ ಫ್ರೇಜರ್ ಟೌನಿನ ಮನೆಯ ಅಡುಗೆಮನೆಯಲ್ಲಿ ಬಿಲ್ಕೀಸ್ ಚಾಚಿ ಹೀಗೇ ಆವಿಯ ಮುಂದೆ ನಿಂತು ಅತ್ತಿದ್ದರು. ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಚಾಚಾನ ಕಣ್ಣೊಳಗೆ ಒತ್ತಡ ಏರಿದೆ, ಅಂಚಿನ ನೋಟ ಆಗಲೇ ಹೋಗಿದೆ, ಹೋದದ್ದು ವಾಪಸ್ ಬರುವುದಿಲ್ಲ, ಆಪರೇಷನ್ ಮಾಡಿದರೆ ಉಳಿದದ್ದು ಉಳಿಯುತ್ತದೆ, ತಡಮಾಡಿದರೆ ಅದೂ ಇಲ್ಲ. ಚಾಚಾ ಎರಡು ಸಲ ತಾರೀಖು ಮುಂದೆ ಹಾಕಿಸಿದರು. ಮೂರನೆಯದು ನಾಳೆ. ಅವತ್ತು ಅನ್ನದ ತಟ್ಟೆಯ ಮುಂದೆ ಕೂತು ಅವರು ಷರತ್ತು ಹಾಕಿದರು: “ಬಸವಪ್ರಭು ಆರ್ಡರ್ ಕೊಟ್ಟ ಗಿಟಾರಿನ ನೆಕ್ ಅಂಟಿಸ್ತೀನಿ. ನೆಟ್ಟಗೆ ಕೂತ್ರೆ ನನ್ನ ಕಣ್ಣು ಸರಿಯಾಗಿದೆ, ಯಾವನೂ ಮುಟ್ಟೋದು ನಕ್ಕೋ, ಬೇಡ. ವಕ್ರ ಆದ್ರೆ ನಾನೇ ಬಂದು ಆ ಮಂಚದ ಮೇಲೆ ಮಲಗ್ತೀನಿ, ಕೊಯ್ಯಿರಿ.” ಚಾಚಿ ಅವಳ ಮುಖ ನೋಡಿದರು. ಚಾಚಾ ತಮಾಷೆಗೆ ಹೇಳಿದ್ದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹಾಗಾದರೆ ನಿನ್ನೆ ಸುಮ್ಮನಿದ್ದದ್ದು ಒಳ್ಳೆಯದಕ್ಕೇ. ಹಾಗೆಂದು ಅವಳು ರಾತ್ರಿ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಜಾರಲಿ, ವಕ್ರವಾಗಲಿ, ಹಟ ಬಿಡಲಿ, ಕಣ್ಣು ಉಳಿಯಲಿ. ಎಷ್ಟು ಚೆಂದದ ಕಾರಣ! ಆದರೆ ಜಾರಿದ ಆ ಕ್ಷಣದಲ್ಲಿ ಚಾಚಾನ ಕಣ್ಣು ಅವಳ ತಲೆಯಲ್ಲಿ ಇತ್ತೇ? ಇರಲಿಲ್ಲ. ಇದ್ದದ್ದು ಒಂದು ಸಣ್ಣ ಖುಷಿ, ಹೊಟ್ಟೆಯೊಳಗೆ ಬೆಚ್ಚಗೆ ಆಡಿ ಹೋದದ್ದು. ಕಡೆಗೂ ಇವರ ಕೈ ತಪ್ಪಿತಲ್ಲ ಎಂಬ ಖುಷಿ. ಈ ಕೋಣೆಯಲ್ಲಿ ಅವಳು ಮರ ಕೊಯ್ಯುತ್ತಾಳೆ, ಕೆತ್ತುತ್ತಾಳೆ, ಪಟ್ಟಿಯ ಅಡ್ಡಕ್ಕೆ ಫ್ರೆಟ್ ತಂತಿ ಬಡಿಯುತ್ತಾಳೆ, ಪಾಲಿಶ್ ಹಾಕುತ್ತಾಳೆ, ಸರೇಸಿನ ಬ್ರಷ್ ಮಾತ್ರ ಮುಟ್ಟುವಂತಿಲ್ಲ. “ಅಂಟು ನನ್ನದು,” ಅನ್ನುತ್ತಿದ್ದರು ಚಾಚಾ. ಬಂದ ಗಿರಾಕಿ ಅವಳ ಕೈಯಲ್ಲಿರುವ ಉಳಿ ನೋಡಿಯೂ, “ಓನರ್ ಇಲ್ವಾ?” ಎನ್ನುತ್ತಿದ್ದ. ಒಮ್ಮೆ ಇಂದಿರಾನಗರದಿಂದ ಬಂದವನೊಬ್ಬ ಅವಳು ಟೀ ತರುವವಳು ಅಂದುಕೊಂಡು ಶುಗರ್‌ಲೆಸ್ ಹೇಳಿದ್ದ. ಚಾಚಾ ಗಟ್ಟಿಯಾಗಿ ನಕ್ಕಿದ್ದರು. ಅವಳು ಹೋಗಿ ತಂದುಕೊಟ್ಟಿದ್ದಳು, ಶುಗರ್‌ಲೆಸ್ಸೇ.

ಪುಟ್ಟಿ ಬಳಿಯುವ ತೆಳು ಬ್ಲೇಡನ್ನು ಬಿಸಿನೀರಲ್ಲಿ ಅದ್ದಿ ಬುಡದ ಸಂದಿಗೆ ಇಟ್ಟು ಒತ್ತಿದಳು. ಹೋಗಲಿಲ್ಲ. ಮತ್ತೆ ಪೆಟ್ಟಿಗೆ, ಮತ್ತೆ ಆವಿ. ಮಣಿಕಟ್ಟು ಚುರುಗುಟ್ಟಿತು, ಸುಟ್ಟದ್ದು ಆಮೇಲೆ ತಿಳಿಯಿತು. ಒಂದು ಅಕ್ಕಿಕಾಳಿನಷ್ಟು ಬ್ಲೇಡು ಒಳಗೆ ಹೋಯಿತು, ಟಿಕ್ ಎಂದು ಒಳಗೇನೋ ಸದ್ದಾಯಿತು. ಬೀಟೆ ಸೀಳಿತೇ? ಈಗ ಸೀಳಿದರೆ ಮುಗಿಯಿತು, ಇಂಥ ಪಟ್ಟಿ ಇನ್ನೊಂದಿಲ್ಲ, ಸಂಜೆ ಬಸವಪ್ರಭು ಬರುತ್ತಾನೆ, ಚಾಚಾ ಬರುತ್ತಾರೆ, ಅವರಿಬ್ಬರ ಮುಂದೆ ಎರಡು ಹೋಳು ಹಿಡಿದು ನಿಲ್ಲಬೇಕು. ದೀಪ ತಂದು ನೋಡಿದಳು. ಸೀಳಿರಲಿಲ್ಲ, ಅಂಟು ಬಿಟ್ಟ ಸದ್ದು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಚಾಚಿ.

“ಏನ್ ಮಾಡ್ತಿದ್ಯಾ?” ಅಂದರು ಚಾಚಿ, ಪಿಸುಮಾತಿನಲ್ಲಿ. “ಅವರು ಸ್ನಾನಕ್ಕೆ ಹೋಗಿದ್ದಾರೆ. ನಿಜ ಹೇಳು, ನಿನ್ನೆ ಅಂಟಿಸಿದ್ದು ಹೇಗಾಯ್ತು?”

“ಇನ್ನೂ ಬಿಚ್ಚಿಲ್ಲ ಚಾಚಿ.”

“ನೀನು ಪಕ್ಕದಲ್ಲೇ ಇದ್ಯಲ್ಲ. ವಕ್ರ ಆಗಿದ್ಯಾ ಇಲ್ವಾ? ಆಗಿರ್ಲಿ ಅಂತ ದುವಾ ಮಾಡ್ತಿದೀನಿ, ಅಲ್ಲಾಹ್ ಮಾಫ್ ಮಾಡ್ಲಿ. ಗಂಡನ ಕೆಲಸ ಕೆಡ್ಲಿ ಅಂತ ಕೇಳೋಳು ನಾನೊಬ್ಳೇ ಇರ್ಬೇಕು.”

ಮೆಹ್ವಿಶ್ ಕೈಯಲ್ಲಿ ಬ್ಲೇಡು ಸಂದಿಯೊಳಗೇ ಇತ್ತು. ಆರುತ್ತಿತ್ತು. “ಸಂಜೆ ಗೊತ್ತಾಗತ್ತೆ ಚಾಚಿ,” ಎಂದು ಫೋನಿಟ್ಟಳು. ನಿಲ್ಲಿಸಿಬಿಡಬಹುದು, ಇಲ್ಲಿಗೇ. ಸ್ವಲ್ಪ ಬಿಸಿಮಾಡಿ ಒತ್ತಿದರೆ ಇದೇ ವಕ್ರಕ್ಕೆ ಮತ್ತೆ ಕೂರುತ್ತದೆ. ಆಗ ಚಾಚಿಯ ದುವಾ ಫಲಿಸುತ್ತದೆ, ಕಣ್ಣು ಉಳಿಯುತ್ತದೆ. ಹಾಗಿದ್ದೂ ತಾನು ಇದನ್ನು ಯಾಕೆ ಬಿಚ್ಚುತ್ತಿದ್ದೇನೆ? ಒಂದು ಚಿತ್ರ ಮಾತ್ರ ಕಣ್ಣಿಗೆ ಕಟ್ಟಿತ್ತು: ಚಾಚಾ ಗಿರಾಕಿಯ ಮುಂದೆ ಕ್ಲ್ಯಾಂಪು ಬಿಚ್ಚಿ, ಹೆಬ್ಬೆರಳನ್ನು ಅಂಚಿನಲ್ಲಿ ಜಾರಿಸುತ್ತಾ, ಬುಡದ ಹತ್ತಿರ ಬಂದು ನಿಲ್ಲುವುದು. ಆಗಿನ ಅವರ ಮುಖವನ್ನು ಅವಳಿಂದ ನೋಡಲಾಗುವುದಿಲ್ಲ. ಒಂದು ಮಾತಲ್ಲಿ ಉಳಿಸಬಹುದಾಗಿದ್ದ ಮುಖ ಅದು. ಮೊದಲು ಸರಿಮಾಡೋಣ, ಆಪರೇಷನ್ ವಿಷಯ ಆಮೇಲೆ ಹೇಗಾದರೂ ಹೇಳಿ ಒಪ್ಪಿಸೋಣ ಅಂದುಕೊಂಡಳು. ಅದು ಆಗದ ಮಾತೆಂದು ಗೊತ್ತಿದ್ದೂ ಅಂದುಕೊಂಡಳು. ಮತ್ತೆ ಪೆಟ್ಟಿಗೆ ಇಟ್ಟಳು.

ಪಟ್ಟಿ ಪೂರ್ತಿ ಬಿಟ್ಟುಕೊಳ್ಳುವಾಗ ಬೆವರು ಕಣ್ಣಿಗಿಳಿದಿತ್ತು. ಬಾಗದಿರಲೆಂದು ತಕ್ಷಣ ಅದನ್ನು ಗ್ರಾನೈಟ್ ಹಲಗೆಗೆ ಒತ್ತಿ ಬಿಗಿದು ಆರಲು ಬಿಟ್ಟಳು. ಹಳೇ ಸರೇಸನ್ನು ಬಿಸಿ ಬಟ್ಟೆಯಿಂದ ಉಜ್ಜಿ ತೆಗೆದಳು, ಕತ್ತಿನ ನಡುವೆ, ಅದು ಬಾಗದಂತೆ ತಿರುಗಿಸಿ ಬಿಗಿಯುವ ಉಕ್ಕಿನ ಸರಳು ಕೂರುವ ತೋಡಿನೊಳಗೆ ಇಳಿದದ್ದನ್ನು ಕಡ್ಡಿಯಿಂದ ಕೆರೆದಳು. ಅಲ್ಲಿ ಅಂಟು ಉಳಿದರೆ ಸರಳು ಕಚ್ಚಿಕೊಳ್ಳುತ್ತದೆ, ಆಮೇಲೆ ಎಂದೂ ತಿರುಗುವುದಿಲ್ಲ. ಫ್ಯಾನು ಹಾಕಿದಳು. ಒಂದು ದಿನವಾದರೂ ಒಣಗಬೇಕಾದ ಮರ, ಅವಳ ಹತ್ತಿರ ಇದ್ದದ್ದು ಅರ್ಧ ಬೆಳಗು. ಹಿಂದಿ ಹಾಡು ಹಾಕಿಕೊಂಡು ಕೆಳಗೆ ಯಾರೋ ಮಾಂಸ ಕೊಚ್ಚುತ್ತಿದ್ದರು, ಪ್ರತಿ ಏಟಿಗೂ ಬೆಂಚು ಅದುರುವಂತೆ ಅನಿಸುತ್ತಿತ್ತು. ಕಾಯುತ್ತಾ ಸುಮ್ಮನೆ ಕೈ ನೋಡಿಕೊಂಡಳು. ಸರೇಸಿನ ಬ್ರಷ್ ಒಮ್ಮೆಯೂ ಹಿಡಿಯದ ಕೈ. ಈ ಕೈಯಲ್ಲಿ ಒಬ್ಬಳೇ ಅಂಟಿಸಿದರೆ ಮತ್ತೆ ಜಾರುತ್ತದೆ, ಖಂಡಿತ ಜಾರುತ್ತದೆ.

ಜಾರದಂತೆ ಮಾಡಲು ಒಂದು ದಾರಿ ಎಲ್ಲರಿಗೂ ಗೊತ್ತು. ತಲೆ ಕತ್ತರಿಸಿದ ಎರಡು ಸಣ್ಣ ಮೊಳೆಗಳನ್ನು ಕತ್ತಿನ ಅಂಚಿನ ಹತ್ತಿರ, ಮೇಲೊಂದು ಬುಡದಲ್ಲೊಂದು, ಅರ್ಧ ಇಳಿಸಿ, ಪಟ್ಟಿಯ ತಳದಲ್ಲಿ ಅದಕ್ಕೆ ಸರಿಯಾಗಿ ತೂತು ಕೊರೆದರೆ, ಪಟ್ಟಿ ಅಲ್ಲಾಡುವುದಿಲ್ಲ. ಊರಲ್ಲಿ ಗಿಟಾರ್ ಮಾಡುವವರೆಲ್ಲ ಹಾಕುತ್ತಾರೆ, ಚಾಚಾ ಒಬ್ಬರನ್ನು ಬಿಟ್ಟು. ಅವರ ಪ್ರಕಾರ ಮೊಳೆ ಹಾಕುವವನಿಗೆ ತನ್ನ ಕೈಮೇಲೆ ನಂಬಿಕೆಯಿಲ್ಲ. ಸತ್ತರೂ ಈ ಅಂಗಡಿಯಿಂದ ಮೊಳೆ ಇರುವ ನೆಕ್ ಹೊರಗೆ ಹೋಗಬಾರದು ಎಂದು ಗಿರಾಕಿಗಳ ಮುಂದೆ ಎದೆ ತಟ್ಟಿ ಹೇಳುತ್ತಿದ್ದರು. ಮೆಹ್ವಿಶ್ ಮೊಳೆ ಹುಡುಕಿ ತಂದು, ತಲೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಬಡಿದಳು. ಅಂಟು ಬಿಚ್ಚಿದ್ದಕ್ಕಿಂತ ಇದೇ ದೊಡ್ಡ ಅಪರಾಧ ಅನಿಸಿತು. ಒಳಗೆ ಹೋದ ಮೇಲೆ ಯಾರಿಗೆ ಕಾಣುತ್ತದೆ ಎಂದೂ ಅನಿಸಿತು. ಆಮೇಲೆ ಡಬ್ಬಿ ಕಾಯಿಸಿ, ಬ್ರಷ್ ತೆಗೆದುಕೊಂಡಳು. ಚಾಚಾನ ಬೆರಳು ಹಿಡಿದು ಹಿಡಿದು ಸವೆದ ಹಿಡಿ, ಅವಳ ಕೈಗೆ ದಪ್ಪವಾಯಿತು. ಬಳಿದಳು. ಎಷ್ಟು ಸುಲಭವಾಗಿತ್ತು! ಸರೇಸು ಹದವಾಗಿ ಹರಡಿತು, ಪಟ್ಟಿ ಮೊಳೆಗಳ ಮೇಲೆ ಟಪ್ಪೆಂದು ಕೂತಿತು, ಕ್ಲ್ಯಾಂಪು ಬಿಗಿಯುವಾಗ ಒಂದು ಕೂದಲೂ ಸರಿಯಲಿಲ್ಲ. ಅವಳಿಗೆ ಸಂತೋಷವಾಯಿತು, ನಾಚಿಕೆಯಿಲ್ಲದಷ್ಟು ಸಂತೋಷ. ಹೊರಗೆ ಶುಕ್ರವಾರದ ಜುಮಾದ ಅಜಾನ್ ಕೂಗಿದಾಗ ಒರೆಸುವ ಬಟ್ಟೆ ಹಿಡಿದು ಒಬ್ಬಳೇ ನಗುತ್ತಿದ್ದಳು. ಷರತ್ತು ನೆನಪಾಗಿ ನಗು ನಿಂತಿತು.

ಚಾಚಾ ಬಂದಾಗ ಬಿಸಿಲು ಕಿಟಕಿ ದಾಟಿತ್ತು. ಬಿಳಿ ಜುಬ್ಬಾ, ಅತ್ತರಿನ ವಾಸನೆ. ಬಾಗಿಲ ಪಕ್ಕದ ಸ್ಟೂಲು ಎಡವಿದರು, “ಇದನ್ನ ಇಲ್ಲಿ ಯಾರಿಟ್ರು?” ಅಂದರು. ಅದು ಮೊದಲಿಂದಲೂ ಅಲ್ಲೇ ಇತ್ತು. ವೆಂಕಟಸ್ವಾಮಿ ಏನಾದರೂ ಹೇಳಿದನೇ ಎಂದು ಅವಳು ಮುಖ ನೋಡಿದಳು, ಹೇಳಿದಂತೆ ಕಾಣಲಿಲ್ಲ. ಬೆಂಚಿನ ಹತ್ತಿರ ಬಂದು ಕೈಯಾಡಿಸಿ ಕ್ಲ್ಯಾಂಪು ಹುಡುಕಿದರು. ಇನ್ನೂ ಸ್ವಲ್ಪ ಹೊತ್ತು ಬಿಡೋಣ ಚಾಚಾ ಅನ್ನಬೇಕೆಂದುಕೊಂಡಳು, ಅಷ್ಟರಲ್ಲಿ ಒಂದು ಬಿಚ್ಚಿಯಾಗಿತ್ತು. ಎರಡು, ಮೂರು, ಎಲ್ಲ ಬಿಚ್ಚಿ, ಕತ್ತನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಎರಡೂ ಹೆಬ್ಬೆರಳು ಮೇಲಿನ ತುದಿಯಿಂದ ಹೊರಟವು. ಬೆರಳುಗಳು ಬುಡಕ್ಕೆ ಬಂದು, ಮತ್ತೆ ಮೇಲೆ ಹೋಗಿ, ಮತ್ತೆ ಬುಡಕ್ಕೆ ಬಂದವು. ಚಾಚಾ ತಲೆಯೆತ್ತಿದರು. ಇಷ್ಟು ದಿನ ಒಳಗೊಳಗೇ ಎಷ್ಟು ಹೆದರಿದ್ದರೆಂಬುದು ಆ ಮುಖ ಸಡಿಲಾದಾಗಲೇ ಅವಳಿಗೆ ಗೊತ್ತಾದದ್ದು. “ನೋಡು ಬೇಟಿ, ನೋಡು,” ಅಂದರು.

ಅದೇ ಹೊತ್ತಿಗೆ ಬಸವಪ್ರಭು ಮೆಟ್ಟಿಲು ಹತ್ತಿ ಬಂದ. ದೊಡ್ಡನೆಕ್ಕುಂದಿಯ ಆಫೀಸಿನಿಂದ ನೇರವಾಗಿ ಬಂದಿದ್ದ, ಕೊರಳಲ್ಲಿ ಇನ್ನೂ ಐಡಿ ಕಾರ್ಡು ನೇತಾಡುತ್ತಿತ್ತು. “ಏನ್ರಿ ಸಾಹೇಬ್ರ, ನಮ್ದು ಎಲ್ಲೀಮಟ ಬಂತ್ರೀ?” ಅಂದ.

“ಬನ್ನಿ ಬನ್ನಿ. ಹಿಡ್ಕೊಳ್ಳಿ ಇದನ್ನ. ಕಣ್ಣು ಮುಚ್ಚಿ ಬೆರಳು ಓಡಿಸಿ ನೋಡಿ. ಮೊಳೆ ಇಲ್ಲ, ಪಿನ್ ಇಲ್ಲ, ಬರೀ ಕೈ. ಡಾಕ್ಟ್ರು ಇದೇ ಕೈಯವನಿಗೆ ಕಣ್ಣು ಕಾಣ್ಸಲ್ಲ ಅಂತಾನೆ!”

“ಭಾರೀ ಆಗೇತ್ರೀ. ಬೆಣ್ಣಿ ಇದ್ದಂಗ ಐತಿ ನೋಡ್ರಿ,” ಅಂದ ಬಸವಪ್ರಭು, ಬೆರಳು ಓಡಿಸುತ್ತಾ. “ನಿಮ್ಮ ಕಣ್ಣು ನಮಗಿಂತ ಚಲೋ ಅದಾವ ಬಿಡ್ರಿ. ಆ ಡಾಕ್ಟರದ್ದು ಏನ್ ಕೇಳ್ತೀರಿ?”

ಚಾಚಾ ಜೇಬಿಂದ ಫೋನು ತೆಗೆದರು. ಮುಖದ ಹತ್ತಿರ ಹಿಡಿದು, ಓರೆಮಾಡಿ, ಕಷ್ಟಪಟ್ಟು ಚಾಚಿಯ ನಂಬರು ಒತ್ತಿದರು. “ನಾಳೇದು ಕ್ಯಾನ್ಸಲ್ ಮಾಡ್ಸು ಅಂತ ಈಗ್ಲೇ ಹೇಳ್ಬಿಡ್ತೀನಿ. ಷರತ್ತು ಅಂದ್ರೆ ಷರತ್ತು.” ರಿಂಗಾಗತೊಡಗಿತು. ಸ್ಪೀಕರ್ ಹಾಕಿದ್ದರಿಂದ ಕೋಣೆಯ ತುಂಬ ರಿಂಗು. ಚಾಚಾ ಖುಷಿಯಿಂದ ಕಾಲು ಕುಣಿಸುತ್ತಿದ್ದರು. ಈಗಲೇ ಹೇಳಬೇಕು. ಹೊರಗಿನವನ ಮುಂದೆ ಹೇಗೆ ಹೇಳುವುದು? ‘ನಿಮ್ಮದು ವಕ್ರವಾಗಿತ್ತು ಚಾಚಾ, ಇದು ನಾನು ಅಂಟಿಸಿದ್ದು’ ಎಂದು? ಆಪರೇಷನ್ನಿನ ಚಾಕು ಇದಕ್ಕಿಂತ ಮೆತ್ತಗಿರುತ್ತದೆ. ನಿನ್ನೆಯಂತೆ ಇವತ್ತೂ ನಾಲಗೆ ಏಳಲಿಲ್ಲ. ಆದರೆ ಇವತ್ತು ಕಾಲು ಎದ್ದವು. ಹೋಗಿ ಡ್ರಾಯರಿನಿಂದ ಎಲೆಕ್ಟ್ರಿಕ್ ಗಿಟಾರಿಗೆ ಹಾಕುವ ಸಣ್ಣ ಆಯಸ್ಕಾಂತವೊಂದನ್ನು ತೆಗೆದು ತಂದಳು. ಬಸವಪ್ರಭುವಿನ ಕೈಯಿಂದ ಕತ್ತನ್ನು ಇಸಿದುಕೊಂಡು ಚಾಚಾನ ಮಡಿಲಲ್ಲಿಟ್ಟಳು, ಆಯಸ್ಕಾಂತವನ್ನು ಅವರ ಬೆರಳ ನಡುವೆ ಇಟ್ಟಳು, ಆ ಬೆರಳನ್ನು ತಾನೇ ಹಿಡಿದು ಬುಡದ ಅಂಚಿಗೆ ಒಯ್ದಳು.

“ಏನೇ ಇದು?” ಅಂದರು ಚಾಚಾ, ನಗುತ್ತಲೇ.

ನಡುವೆ ಉಕ್ಕಿನ ಸರಳಿದೆ, ಅಲ್ಲಿ ಎಳೆದರೆ ಸರಿ. ಅಂಚಿನಲ್ಲಿ ಎಳೆಯಬಾರದು. ಅಂಚಿನಲ್ಲಿ ಆಯಸ್ಕಾಂತ ಅವರ ಬೆರಳನ್ನು ಎಳೆದು ಟಕ್ಕೆಂದು ಕೂತಿತು. ಅವರು ಎತ್ತಿದರು. ಮತ್ತೆ ಇಟ್ಟರು, ಮತ್ತೆ ಕೂತಿತು. ಮೇಲಿನ ತುದಿಗೆ ಹೋಗಿ, ಅಲ್ಲಿ ಹುಡುಕಿ, ಅಲ್ಲೂ ಒಂದು ಸಿಕ್ಕಿತು. ಕಾಲು ಕುಣಿಯುವುದು ನಿಂತಿತು.

“ಹಲೋ? ಹಲೋ, ಬೋಲೋ ಜೀ,” ಅನ್ನುತ್ತಿದ್ದರು ಚಾಚಿ ಫೋನಿನೊಳಗಿಂದ. ಬಸವಪ್ರಭು ಬಗ್ಗಿ, “ಇದೇನ್ ಟೆಸ್ಟಿಂಗೇನ್ರಿ ಮೇಡಂ?” ಅಂದ. ಮೆಹ್ವಿಶ್ ಹೌದೆಂದು ತಲೆಯಾಡಿಸಿದಳು. ಚಾಚಾ ಅವಳ ಕಡೆ ತಿರುಗಲಿಲ್ಲ. ಅವಳು ನಿಂತಿದ್ದ ಕಡೆ ಅವರಿಗೆ ಕಾಣುವುದೂ ಇಲ್ಲ ಎಂಬುದು ಆಗ ನೆನಪಾಯಿತು.

“ಬಿಲ್ಕೀಸ್,” ಅಂದರು ಫೋನಿಗೆ. “ನಾಳೆ ಬೆಳಗ್ಗೆ ಏನೂ ತಿನ್ಬಾರ್ದು ಅಂದಿದ್ರಲ್ಲ ಡಾಕ್ಟ್ರು. ಟೀ ಕುಡೀಬಹುದಾ?”

ಚಾಚಿ, “ಕೇಳಿ ಹೇಳ್ತೀನಿ,” ಅಂದರು. ಅಳುತ್ತಿದ್ದರು.

ಬಸವಪ್ರಭು ಮತ್ತೆ ಯಾವಾಗ ಬರಲಿ ಎಂದು ಕೇಳಿದ. “ಇವಳನ್ನ ಕೇಳಿ, ಇವಳೇ ಹೇಳ್ತಾಳೆ,” ಅಂದರು ಚಾಚಾ. ಅವಳು ಮುಂದಿನ ವಾರ ಅಂದಳು. ಅವನ ಬೂಟಿನ ಸದ್ದು ಮೆಟ್ಟಿಲಿಳಿದು ಗಲ್ಲಿಯ ಗಲಾಟೆಯಲ್ಲಿ ಸೇರಿಹೋಯಿತು. ಚಾಚಾ ಕತ್ತನ್ನು ಬೆಂಚಿನ ಮೇಲಿಟ್ಟು, ತುಂಬ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡೇ ಕೂತರು. ಮೊಳೆ ಯಾಕೆ ಹಾಕಿದೆ ಎಂದು ಬೈಯುತ್ತಾರೆ ಎಂದು ಅವಳು ಕಾದಳು. ಬೈದರೆ ಚೆನ್ನಾಗಿತ್ತು.

“ಒಳ್ಳೇ ಕೆಲಸ ಮಾಡಿದೀಯ,” ಅಂದರು. “ಎಷ್ಟು ಜಾರಿತ್ತು?”

“ಅರ್ಧ ನೂಲು.”

“ಯಾವಾಗ ನೋಡ್ದೆ? ಬೆಳಗ್ಗೆ ಬಂದಾಗ್ಲಾ?”

ಹೌದು ಎಂದರೆ ಮುಗಿದುಹೋಗುತ್ತಿತ್ತು. ಅವರೇ ಉತ್ತರ ಕೈಗೆ ಕೊಟ್ಟಿದ್ದರು. ಅವಳು ಗೋಡೆಗೆ ಒರಗಿ, ಮಣಿಕಟ್ಟಿನ ಸುಟ್ಟ ಗಾಯವನ್ನು ಒತ್ತಿ ಹಿಡಿದಳು.

“ಇಲ್ಲ ಚಾಚಾ. ನಿನ್ನೆ. ನೀವು ಎರಡನೇ ಕ್ಲ್ಯಾಂಪ್ ಬಿಗೀತಿದ್ರಲ್ಲ, ಆಗ.”

ಚಾಚಾ ತಲೆಯಾಡಿಸಿದರು. ಎದ್ದು, ಜುಬ್ಬಾ ಸರಿಮಾಡಿಕೊಂಡು, ಬಾಗಿಲವರೆಗೆ ಹೋದರು. ಸ್ಟೂಲನ್ನು ಕಾಲಿಂದ ತಡವಿ, ದಾಟಿ, ಚೌಕಟ್ಟು ಹಿಡಿದು ನಿಂತರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಆಗ ಅಂಟು ಇನ್ನೂ ಹಸಿ ಇತ್ತಲ್ಲ, ಬೇಟಿ,” ಅಂದರು.